ಸೊಂಟದುದ್ದ ನೀರಲ್ಲೂ ಇಷ್ಟು ಚಾಪ್ (ಗಾಳಿ ಎಬ್ಬಿಸೋ ಚಿಕ್ಕ ಒರಟು ಅಲೆ) ಯಾಕೆ?

ಪ್ರಶ್ನೆ:
ವಿಂಡ್‌ಸರ್ಫಿಂಗಲ್ಲಿ (ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ನೀರಲ್ಲಿ ಓಡೋ ಆಟ) ಜಿಪಿಎಸ್ ಕಟ್ಕೊಂಡು ಸ್ಪೀಡ್ ರನ್ ಶುರು ಮಾಡಿ ಒಂದು ಸೀಸನ್ ಆಯ್ತು. ನೀರು ಕಮ್ಮಿ ಇದ್ರೆ ಫ್ಲ್ಯಾಟ್ ಇರುತ್ತೆ ಅಂತ ಎಲ್ರೂ ಹೇಳ್ತಾರೆ, ಆದ್ರೆ ನಾನು ಓಡೋ ಕಡೆ ಸೊಂಟದವರೆಗೇ ನೀರು, 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ಗಾಳಿ ಬಂದ್ರೆ ಬೋರ್ಡ್ ಹಳ್ಳ ಬಿದ್ದ ರೋಡಲ್ಲಿ ಸೈಕಲ್ ತುಳಿದಂಗೆ ಕುಣಿಯುತ್ತೆ. ಅತ್ಲಾಗೆ ಮರಳ ದಿಬ್ಬದ ಮಗ್ಗುಲಲ್ಲಿ ಆಳ ಇದ್ರೂ ಕನ್ನಡಿ ಥರ ಇದೆ. ಇದೇನ್ ಲೆಕ್ಕ?

ಉತ್ತರ 1:
ಆಳ ಬಿಡಿ, ಮೊದ್ಲು ಫೆಚ್ ನೋಡಿ, ಅಂದ್ರೆ ಗಾಳಿ ನೀರಿನ ಮೇಲೆ ಅಡ್ಡಿ ಇಲ್ದೆ ಎಷ್ಟು ದೂರ ಓಡಿ ಬರುತ್ತೆ ಅನ್ನೋದು. ದಿಬ್ಬದ ಪಕ್ಕ ಅದು ಹತ್ತು ಮೀಟರೂ ಇರಲ್ಲ, ಅಲೆ ಬೆಳೆಯೋಕೆ ಜಾಗನೇ ಇಲ್ಲ. ನಮೀಬಿಯಾದ ಲ್ಯೂಡರಿಟ್ಜಲ್ಲಿ ಕಿರಿದಾದ ಕಾಲುವೆ ತೋಡಿದ್ದೇ ಇದಕ್ಕೆ, 2015ರಲ್ಲಿ ಫ್ರಾನ್ಸಿನ ವಿಂಡ್‌ಸರ್ಫರ್ ಆಂಟೊಯ್ನ್ ಆಲ್ಬೋ 500 ಮೀಟರ್‌ಗೆ 53.27 ನಾಟ್ ಹೊಡೆದಿದ್ದು ಅಲ್ಲೇ.

ಉತ್ತರ 2:
ಫೆಚ್ ಸರಿ, ಆದ್ರೆ ಆಳ ಬಿಡಿ ಅಂದಿದ್ದು ಒಪ್ಪಲ್ಲ. ಅಲೆಯ ಉದ್ದದ ಅರ್ಧಕ್ಕಿಂತ ಆಳ ಕಮ್ಮಿ ಆದಾಗ ಮಾತ್ರ ಅಲೆಗೆ ತಳ ಗೊತ್ತಾಗೋದು. ಎರಡು ಮೀಟರ್ ಉದ್ದದ ಚಾಪ್‌ಗೆ ನಿಮ್ಮ ಸೊಂಟದುದ್ದ ನೀರೂ ಒಂದೇ ನಡುಸಮುದ್ರನೂ ಒಂದೇ. ಅದೇ 20 ಸೆಂಟಿಮೀಟರ್ ನೀರಲ್ಲಿ ಅಲೆ ಎಷ್ಟೇ ಉದ್ದ ಇದ್ರೂ ಸೆಕೆಂಡಿಗೆ ಹೆಚ್ಚುಕಮ್ಮಿ 1.4 ಮೀಟರ್‌ಗಿಂತ ಜೋರಾಗಿ ಓಡಕ್ಕಾಗಲ್ಲ, ಎತ್ತರ ಆಗಕ್ಕೆ ಹೋದ್ರೆ ಮುರಿದು ಬೀಳುತ್ತೆ, ತಳ ಬೇರೆ ಶಕ್ತಿ ತಿನ್ನುತ್ತೆ. ಅಲ್ಲಿ ನಿಮ್ಮ ಬೋರ್ಡಿನ ಅಡಿಯ ಫಿನ್ ಮುರಿಯುತ್ತೆ ಅಷ್ಟೇ :) ನಿಜವಾದ ಕಾಟ ಮಧ್ಯದ್ದು, ಉದ್ದ ಫೆಚ್‌ನಿಂದ ಬೆಳೆದ ಅಲೆ ಮೊಣಕಾಲುದ್ದ ನೀರಿಗೆ ಬಂದು ನಿಧಾನ ಆಗಿ ಒತ್ತೊತ್ತಾಗಿ ಕಡಿದಾಗುತ್ತೆ.

ಪ್ರಶ್ನೆ ಕೇಳಿದವರು:
ಓ ಹಂಗಾ! ಹಾಗಾದ್ರೆ ಗಾಳಿ ಎದ್ದ ತಕ್ಷಣ ಹೋದ್ರೆ ಚಾಪ್ ಬೆಳೆಯೋಕೆ ಮುಂಚೆ ಓಡಬಹುದಾ?

ಉತ್ತರ 1:
ಅಷ್ಟು ಚಿಕ್ಕ ನೀರಲ್ಲಿ ಕೆಲವೇ ನಿಮಿಷಕ್ಕೆ ಬೆಳೆದು ಮುಗಿದಿರುತ್ತೆ, ನೀವು ಹಾಯಿ ಕಟ್ಟಿ ರೆಡಿ ಮಾಡೋದ್ರೊಳಗೆ. ಅದ್ರ ಬದ್ಲು ದಿಬ್ಬಕ್ಕೆ ಅಂಟ್ಕೊಂಡು ಓಡಿ.

ಉತ್ತರ 3:
ಅಂಟ್ಕೊಂಡ್ರೂ ಗಾಳಿ ಕೋನ ನೋಡ್ಕೊಳಿ. ದಂಡೆಯಿಂದ 5 ಮೀಟರ್ ಆಚೆ ಓಡ್ತಿದ್ದೀರಾ, ಗಾಳಿ ದಂಡೆಗೆ 50 ಡಿಗ್ರಿ ಓರೆ ಇದ್ರೆ ಫೆಚ್ ಬರೀ ಆರೂವರೆ ಮೀಟರ್, ಅದೇ ತಿರುಗಿ 10 ಡಿಗ್ರಿ ಆಯ್ತು ಅಂದ್ರೆ ಸುಮಾರು 29. ಅದಕ್ಕೇ ನಿನ್ನೆ ನುಣ್ಣಗಿದ್ದ ಜಾಗ ಇವತ್ತು ಒರಟು. ಇಳಿತದ ನೀರು ಗಾಳಿಗೆ ಎದುರಾಗಿ ಹರೀತಿದ್ರೆ ಇನ್ನೂ ಕಡಿದಾಗುತ್ತೆ, ಆದ್ರೆ ಇಳಿತ ಪೂರ್ತಿ ಆಗಿ ದಿಬ್ಬ ಮೇಲೆ ಬಂದ ಮೇಲೆ ಅದೇ ನಿಮ್ಮ ಗೋಡೆ, ನಾನಂತೂ ಅದಕ್ಕೇ ಕಾಯ್ತೀನಿ.