ಕೊರಕಲು, ನೀರಿನ ದಾರಿ, ಮತ್ತೊಂದು ‘ಗಲ್ಲಿ’

ಬಳಗದವರಿಗೆ ನಮಸ್ಕಾರ.

ವಿಮಾನದಿಂದ ತೆಗೆದ ಪಟ ನೋಡಿ ಹೊಲದ ಮಣ್ಣು ಕೊಚ್ಚಿಹೋದ ಜಾಗಗಳನ್ನು ನಕ್ಷೆಗೆ ಇಳಿಸುವುದು ಹೇಗೆ ಎಂದು ಕಲಿಸುವ ಕೈಪಿಡಿಯೊಂದರ ಕನ್ನಡ ಕರಡನ್ನು ತಿದ್ದುತ್ತಿದ್ದೇನೆ. ಮೊದಲ ಪುಟದಲ್ಲೇ ‘ಗಲ್ಲಿ ಸವೆತ’ ಎಂದಿತ್ತು, ಮಳೆನೀರು ಕೊರೆದ ಆಳದ ತಗ್ಗಿಗೆ ಇಂಗ್ಲಿಷಿನಲ್ಲಿರುವ ಪದವನ್ನೇ ಹಾಗೇ ಇಟ್ಟಿದ್ದರು. ನಮ್ಮ ವಿಜಯಪುರದ ಕಡೆ ಗಲ್ಲಿ ಅಂದರೆ ಓಣಿ. ಓದಿದವರು ಇದು ಮುನಸಿಪಾಲಿಟಿ ಕೆಲಸ ಅಂದುಕೊಂಡಾರು! ‘ಕೊರಕಲು’ ಎಂದು ತಿದ್ದಿದೆ. ಅಲ್ಲಿಗೆ ಮುಗಿಯಲಿಲ್ಲ.

ಹರಿಯುವ ನೀರು ಹೊಲದಲ್ಲಿ ಕೊರೆಯುವ ಮೂರು ಬಗೆಯ ತಗ್ಗಿಗೆ ಕೈಪಿಡಿಗೆ ಮೂರು ಪದ ಬೇಕು, ಮೂರಕ್ಕೂ ಅಳತೆಗೋಲು ಉಳುಮೆಯೇ. ಕುಂಟೆ ಹೊಡೆದರೆ ಅಳಿಸಿಹೋಗುವ ಸಣ್ಣ ಗೆರೆಗಳು ಮೊದಲನೆಯವು. ಎರಡನೆಯದು ಇನ್ನಷ್ಟು ದೊಡ್ಡದು. ರಂಟೆ (ನೇಗಿಲು) ಹೊಡೆದರೆ ಮುಚ್ಚುತ್ತದೆ, ಆದರೆ ಮುಂದಿನ ದೊಡ್ಡ ಮಳೆಗೆ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ಮೂರನೆಯದು ಯಾವ ನೇಗಿಲಿಗೂ ಬಗ್ಗದು. ಅದರ ಆಳ ಅರ್ಧ ಮೀಟರಿನಿಂದ ಶುರುವಾಗಿ 25–30 ಮೀಟರಿನವರೆಗೂ ಹೋಗಬಹುದು. ಕರಡಿನಲ್ಲಿ ಮೊದಲನೆಯದಕ್ಕೆ ‘ಕಿರುಕಾಲುವೆ’ ಎಂದಿದೆ. ಕಾಲುವೆ ಮನುಷ್ಯರು ತೋಡಿದ್ದು, ಹೀಗಾಗಿ ನನಗೆ ‘ಸೀಳು’ ವಾಸಿ ಅನ್ನಿಸುತ್ತದೆ. ಮೂರನೆಯದಕ್ಕೆ ‘ಕೊರಕಲು’ ಇದ್ದೇ ಇದೆ.

ತಕರಾರಿರುವುದು ಎರಡನೆಯದರಲ್ಲಿ. ಕರಡಿನಲ್ಲಿ ‘ಕ್ಷಣಿಕ ಕೊರಕಲು’ ಎಂದಿದೆ. ಇಂಗ್ಲಿಷಿನ ‘ಎಫೆಮೆರಲ್’ಗೆ ನಿಘಂಟು ಕೊಡುವ ಅರ್ಥವೇನೋ ಅದೇ. ಆದರೆ ಅಲ್ಲಿ ಅಳಿಯುವುದು ತಗ್ಗು, ಜಾಗವಲ್ಲ. ಅಪ್ಪನನ್ನು ಕೇಳಿದೆ. “ಅದು ಕೊರಕಲ ಅಲ್ಲೋ, ನೀರಿನ ದಾರಿ. ನಾವು ಮುಚ್ತೀವಿ, ಅದು ಮತ್ತ ಬರ್ತದ,” ಅಂದರು. ‘ಕ್ಷಣಿಕ’ದಲ್ಲಿ ಇಲ್ಲದ್ದು ಈ ಮಾತಿನಲ್ಲಿದೆ. ‘ಮರುಕೊರಕಲು’ ಅನ್ನಬಹುದೇ? ‘ಮರುಮದುವೆ’ಯ ಹಾಗೆ ಕೇಳಿಸುತ್ತದೇನೋ ಎಂಬ ಅಳುಕೂ ಇದೆ.

ಇದು ಬರೀ ಪದದ ಹಟವಲ್ಲ. ನಮ್ಮ ಆಳವಾದ ಎರೆಹೊಲಗಳು ಮುಂಗಾರಿನಲ್ಲಿ ಬರಿದಾಗಿರುತ್ತವೆ, ಬಿತ್ತನೆ ಹಿಂಗಾರಿಗೆ. ದೊಡ್ಡ ಮಳೆ ಬೀಳುವುದು ಆ ಬರಿ ನೆಲದ ಮೇಲೆ. ಆಮೇಲೆ ಹರಗಿ, ಜೋಳ ಬಿತ್ತಿ, ಮೋಡ ಸರಿದ ಮೇಲೆ ವಿಮಾನ ಬರುತ್ತದೆ. ಅಷ್ಟೊತ್ತಿಗೆ ನೀರಿನ ದಾರಿ ಮುಚ್ಚಿಹೋಗಿರುತ್ತದೆ. 1:10,000 ಅಳತೆಯ ಪಟದಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 10 ಮೀಟರ್. ಒಂದು ಮೀಟರ್ ಅಗಲದ ತಗ್ಗು ಅಲ್ಲಿ ಬರೀ ಕೂದಲೆಳೆಯಷ್ಟು. ಒಂದಕ್ಕೊಂದು ಸುಮಾರು ಶೇ. 60ರಷ್ಟು ಮೇಲೆ ಬೀಳುವ ಜೋಡಿಪಟಗಳನ್ನು ಸ್ಟೀರಿಯೊಸ್ಕೋಪಿನಲ್ಲಿಟ್ಟು (ಒಂದೊಂದು ಕಣ್ಣಿಗೆ ಒಂದೊಂದು ಪಟ ತೋರಿಸುವ ಸಾಧನ) ನೋಡಿದಾಗ ದೊಡ್ಡ ಕೊರಕಲು ಆಳದೊಂದಿಗೆ ಎದ್ದು ಕಾಣುತ್ತದೆ, ಉತ್ತು ಮುಚ್ಚಿದ್ದು ಕಾಣುವುದಿಲ್ಲ. ‘ಕ್ಷಣಿಕ’ ಎಂದು ಓದಿದ ಹುಡುಗ, ಪಟದಲ್ಲಿ ಇಲ್ಲ ಅಂದಮೇಲೆ ಹೊಲದಲ್ಲೂ ಇಲ್ಲ ಎಂದು ನಕ್ಷೆಯಲ್ಲಿ ಬಿಟ್ಟುಬಿಡುತ್ತಾನೆ.

ಇನ್ನೊಂದು ಪದ ಇದಕ್ಕಿಂತ ಕೆಟ್ಟದಾಗಿದೆ. ಕೊರಕಲಿನ ಮೇಲಿನ ತುದಿಯಲ್ಲಿ ನೀರು ಧುಮುಕಿ ಬುಡದ ಮಣ್ಣನ್ನು ತಿನ್ನುತ್ತದೆ, ಅಂಚು ಕುಸಿಯುತ್ತದೆ. ಹೀಗೆ ನೀರು ಇಳಿಯುವ ಕಡೆಗೆ ಬೆನ್ನು ಮಾಡಿ ಕೊರಕಲು ದಿನ್ನೆಯತ್ತ ಬೆಳೆಯುತ್ತದೆ. ಆ ತುದಿಯನ್ನು ‘ತಲೆ’ ಎಂದಿದ್ದಾರೆ, ಒಪ್ಪಿದೆ. ತಲಕಾವೇರಿ ಇರುವ ನಾಡಿನಲ್ಲಿ ಅದಕ್ಕೆ ವಿವರಣೆ ಬೇಡ. ಆದರೆ ಅದರ ಚಲನೆಗೆ ‘ತಲೆಯ ಹಿಮ್ಮೆಟ್ಟುವಿಕೆ’ ಎಂದು ಬರೆದಿದ್ದಾರೆ. ಕನ್ನಡದಲ್ಲಿ ಹಿಮ್ಮೆಟ್ಟಿದ್ದು ಸೋತು ಹೋದದ್ದು! ಬೇರೆ ಬೇರೆ ವರ್ಷದ ಎರಡು ಪಟಗಳನ್ನು ಹೋಲಿಸಿ ‘ಕೊರಕಲು 12 ಮೀಟರ್ ಹಿಮ್ಮೆಟ್ಟಿದೆ’ ಎಂದು ಬರೆದರೆ ರೈತ ಖುಷಿಪಟ್ಟಾನು. ಅವನು ಕಳಕೊಂಡದ್ದು ಅಷ್ಟು ಹೊಲ. ‘ತಲೆ ಏರುವುದು’ ಎಂದು ತಿದ್ದಿದೆ, ಆದರೆ ಅದಕ್ಕೂ ಬೇರೆ ಅರ್ಥ ಅಂಟಿಕೊಂಡಿದೆ.

ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆಯವರು ಹೇಳಬೇಕು: ಮುಚ್ಚಿದರೂ ಪ್ರತಿವರ್ಷ ಅದೇ ಜಾಗದಲ್ಲಿ ಬರುವ ತಗ್ಗಿಗೆ ನಿಮ್ಮ ಮನೆಯಲ್ಲಿ ಏನಂತಾರೆ? ಮೇಲಕ್ಕೆ ಹೊಲ ತಿನ್ನುತ್ತ ಹೋಗುವುದಕ್ಕೆ ಬೇರೆ ಕ್ರಿಯಾಪದ ಇದೆಯೇ? ನಿಘಂಟಿನದು ಬೇಡ, ಕೇಳಿದ್ದನ್ನೇ ಬರೆಯಿರಿ. ಮಲೆನಾಡಿನವರ ಮಾತೂ ಬರಲಿ. ಊರ ಹೆಸರು ಜೊತೆಗಿದ್ದರೆ ಸಾಕು.