ಊಟ-ತಿಂಡಿಯ ಕಥೆ ಇರುವ ಚಿತ್ರಪುಸ್ತಕ ಯಾವುದು ಕೊಡಿಸಲಿ? ಮಗನಿಗೆ ಮೂರೂವರೆ ವರ್ಷ

ಇಬ್ಬರ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗನಿಗೆ ಮೂರೂವರೆ, ಮಗಳಿಗೆ ಈಗಷ್ಟೇ ವರ್ಷ ತುಂಬಿದೆ. ಮಗ ಇಡೀ ದಿನ ಅಡುಗೆಮನೆಯಲ್ಲೇ ಇರುತ್ತಾನೆ. ಸಾಸಿವೆ ಡಬ್ಬಿ ತೆಗೆದು ಮೂಸುತ್ತಾನೆ, ಬಟಾಣಿ ನಾನೇ ಬಿಡಿಸ್ತೀನಿ ಅಂತ ಹಠ ಮಾಡಿ ಅರ್ಧಕ್ಕರ್ಧ ಬಾಯಿಗೆ ಹಾಕಿಕೊಳ್ಳುತ್ತಾನೆ, ದೋಸೆ ಹುಯ್ಯುವ ಸದ್ದು ಕೇಳಿದರೆ ಸ್ಟೂಲ್ ಎಳೆದುಕೊಂಡು ಓಡಿ ಬರುತ್ತಾನೆ. ಇಷ್ಟು ಆಸಕ್ತಿ ಇದೆಯಲ್ಲ, ಅದಕ್ಕೆ ತಕ್ಕ ಪುಸ್ತಕ ಕೊಡಿಸೋಣ ಅಂತ ಹುಡುಕಿದೆ. ಸಿಕ್ಕಿದ್ದೆಲ್ಲ ಎರಡೇ ಥರ. ಹಣ್ಣು, ತರಕಾರಿ ಫೋಟೋ ಸಾಲಾಗಿ ಜೋಡಿಸಿ ಕೆಳಗೆ ಹೆಸರು ಬರೆದಿರುವುದು ಒಂದು. ಸೊಪ್ಪು ತಿನ್ನದ ಹುಡುಗನಿಗೆ ಕಾಯಿಲೆ ಬಂತು, ಆಮೇಲೆ ತಿಂದ, ಶಕ್ತಿ ಬಂತು ಅಂತ ಪಾಠ ಹೇಳುವುದು ಇನ್ನೊಂದು. ನನಗೆ ಎರಡೂ ಬೇಡ. ಕಥೆ ಕಥೆಯ ಹಾಗೇ ಇರಬೇಕು, ಅದರಲ್ಲಿ ತಿನ್ನುವುದೋ ಬೇಯಿಸುವುದೋ ಬರಬೇಕು ಅಷ್ಟೇ.

ಕನ್ನಡದಲ್ಲಿದ್ದರೆ ಮೊದಲು ಅದನ್ನೇ ಹೇಳಿ. ಇಂಗ್ಲಿಷ್ ಆದರೂ ಪರವಾಗಿಲ್ಲ, ನಾನು ಕನ್ನಡದಲ್ಲೇ ಹೇಳಿಕೊಂಡು ಹೋಗುತ್ತೇನೆ. ಚಿಕ್ಕವಳು ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಕಚ್ಚುತ್ತಾಳೆ, ಅವಳಿಗೂ ಒಂದು ಬೇಕು.

ರಾತ್ರಿ ಕಥೆ ಅಪ್ಪ:

ಚಿಕ್ಕವಳಿಗೆ ಕಣ್ಣು ಮುಚ್ಚಿಕೊಂಡು ಎರಿಕ್ ಕಾರ್ಲ್ ಅವರ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ತೆಗೆದುಕೊಳ್ಳಿ. ದಪ್ಪ ರಟ್ಟಿನ ಹಾಳೆಯದ್ದು ಸಿಗುತ್ತದೆ, ಕಚ್ಚಿದರೂ ಬೇಗ ಹಾಳಾಗುವುದಿಲ್ಲ. 1969ರಲ್ಲಿ ಬಂದ ಪುಸ್ತಕ, ಇವತ್ತಿಗೂ ಮಕ್ಕಳಿಗೆ ಹೊಸದೇ. ಹಸಿದ ಹುಳ ಸೋಮವಾರ ಒಂದು ಸೇಬು ತಿನ್ನುತ್ತದೆ, ಮಂಗಳವಾರ ಎರಡು ಮರಸೇಬು, ಹೀಗೆ ಶುಕ್ರವಾರ ಐದು ಕಿತ್ತಳೆವರೆಗೆ ಹೋಗುತ್ತದೆ. ಹುಳ ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾದ ತೂತು ಇದೆ. ನನ್ನ ಮಗಳು ಆ ತೂತಿಗೆ ಬೆರಳು ಹಾಕಿ, ಹಿಂದಿನ ಕಡೆಯಿಂದ ಬೆರಳು ಬಂತಾ ಅಂತ ಹಾಳೆ ತಿರುಗಿಸಿ ನೋಡುತ್ತಿದ್ದಳು. ಮಾತು ಬರುವುದಕ್ಕೆ ಮುಂಚೆ ಅವಳಿಗೆ ಕಥೆ ಅಂದರೆ ಅದೇ ಆಗಿತ್ತು. ಅಣ್ಣನಿಗೂ ಆಗುತ್ತದೆ, ವಾರದ ಹೆಸರು, ಎಣಿಕೆ ಎರಡೂ ಬಾಯಿಗೆ ಬಂದುಬಿಡುತ್ತದೆ.

ಶಿಶುವಿಹಾರದ ಮಿಸ್:

ಮೇಲಿನವರು ಹೇಳಿದ್ದು ಒಳ್ಳೆಯ ಪುಸ್ತಕವೇ. ಆದರೆ ಶನಿವಾರದ ಪುಟಕ್ಕೆ ಬಂದಾಗ ನಮ್ಮ ತರಗತಿಯ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಅಲ್ಲಿರುವ ಸಲಾಮಿ, ಸ್ವಿಸ್ ಚೀಸ್, ಚೆರ್ರಿ ಪೈ ಯಾವುದನ್ನೂ ಅವರು ಕಂಡಿಲ್ಲ. ಕೇಕ್, ಐಸ್‌ಕ್ರೀಮ್, ಕಲ್ಲಂಗಡಿ ಬಂದರೆ ಮಾತ್ರ ಕೂಗು. ತಾನು ತಿಂದು ನೋಡಿದ್ದು, ಮನೆಯಲ್ಲಿ ಮೂಸಿದ್ದು ಪುಸ್ತಕದಲ್ಲಿ ಕಂಡಾಗ ಮಗುವಿನ ಮುಖವೇ ಬೇರೆ ಆಗುತ್ತದೆ, ಅದಕ್ಕೇ ನಾನು ಮೂರು-ನಾಲ್ಕು ವರ್ಷದವರಿಗೆ ನಮ್ಮ ಕಡೆಯ ಅಡುಗೆಮನೆ ಇರುವ ಪುಸ್ತಕಗಳಿಂದಲೇ ಶುರು ಮಾಡುವುದು.

ನಿಮ್ಮ ಮಗನಿಗೆ ನನ್ನ ಮೊದಲ ಆಯ್ಕೆ, ತೂಲಿಕಾ ಪ್ರಕಾಶನದ ‘ವಾಟ್ ಶಲ್ ಐ ಮೇಕ್?’. ಬರೆದವರು ನಂದಿನಿ ನಾಯರ್, ಚಿತ್ರ ಪ್ರೊಯಿತಿ ರಾಯ್. ಅಮ್ಮ ಚಪಾತಿ ಮಾಡುತ್ತಿರುತ್ತಾಳೆ, ನೀರಜ್ ಅನ್ನುವ ಹುಡುಗನ ಕೈಗೆ ಒಂದು ಉಂಡೆ ಹಿಟ್ಟು ಕೊಡುತ್ತಾಳೆ. ಅವನು ಅದರಲ್ಲಿ ಒಂದೊಂದೇ ಪ್ರಾಣಿ ಮಾಡುತ್ತಾ ಹೋಗುತ್ತಾನೆ, ಕೊನೆಗೆ ಆ ಹಿಟ್ಟೇ ಕಾವಲಿಯ ಮೇಲೆ ಉಬ್ಬುತ್ತದೆ. ಕಥೆ ಅಷ್ಟೇ, ಬುದ್ಧಿವಾದದ ಒಂದು ಸಾಲೂ ಇಲ್ಲ. ಇದನ್ನು ಓದುವಾಗ ಮಗುವಿನ ಕೈಗೆ ನಿಜವಾದ ಹಿಟ್ಟು ಕೊಡಿ. ಸ್ವಲ್ಪ ಗಟ್ಟಿಯಾಗಿ ಕಲಸಿ, ನಾಲ್ಕು ಹನಿ ಎಣ್ಣೆ ಸವರಿ ಕೊಟ್ಟರೆ ಕೈಗೆ ಮೆತ್ತಿಕೊಳ್ಳುವುದಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಪುಟ ತಿರುಗಿಸಲು ಬಿಡದೆ, ನನ್ನದು ಇನ್ನೂ ಆಗಿಲ್ಲ, ನಿಲ್ಲಿ ಮಿಸ್ ಅಂತ ಪುಸ್ತಕದ ಮೇಲೆ ಮೊಣಕೈ ಇಟ್ಟು ಕೂತಿದ್ದ. ತೂಲಿಕಾದವರು ಚೆನ್ನೈಯವರಾದರೂ ಕನ್ನಡದಲ್ಲೂ ಪುಸ್ತಕ ತರುತ್ತಾರೆ, ಆರ್ಡರ್ ಮಾಡುವಾಗ ಭಾಷೆ ಯಾವುದು ಅಂತ ನೋಡಿಕೊಳ್ಳಿ.

ಇನ್ನು ದುಡ್ಡಿಲ್ಲದೆ ಓದಬೇಕಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದೆ, 2015ರಿಂದ ನಡೆಯುತ್ತಿದೆ. ಕನ್ನಡ ಅಂತ ಆರಿಸಿಕೊಂಡರೆ ರಾಶಿ ಪುಸ್ತಕ ಸಿಗುತ್ತದೆ, ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆಯಬಹುದು, ಎಲ್ಲದಕ್ಕೂ ಅನುಮತಿ ಇದೆ. ರೋಹಿಣಿ ನಿಲೇಕಣಿ ಅವರು ನೋನಿ ಅನ್ನುವ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಗಳನ್ನು ಹುಡುಕಿ. ಒಂದರಲ್ಲಿ ಅವನ ತೋಟದಲ್ಲಿ ಬಾಳೆಹಣ್ಣು ಎಷ್ಟು ಬರುತ್ತದೆ ಅಂದರೆ ಮನೆಯವರಿಗೆ ಬೇಡ, ಅಕ್ಕಪಕ್ಕದವರಿಗೆ ಬೇಡ, ಕೊನೆಗೆ ಹಸುಗಳಿಗೂ ಬೇಡ. ‘ಬೇಡ’ ಬಂದಾಗಲೆಲ್ಲ ಮಕ್ಕಳೇ ಕೂಗಲಿ, ನೀವು ಬಾಯಿ ಮುಚ್ಚಿಕೊಂಡು ಕಾಯಿರಿ. ಆಮೇಲೆ ರಾಜೀವ್ ಐಪ್ ಅವರ ‘ಅಮ್ಮಚ್ಚೀಸ್ ಅಮೇಜಿಂಗ್ ಮಶೀನ್ಸ್’. ಸೂರಜ್ ಮತ್ತು ಅಮ್ಮಚ್ಚಿ ಕೊಬ್ಬರಿ ಬರ್ಫಿ ಮಾಡಲು ಸನ್ನೆ, ರಾಟೆ ಅಂತ ಸರಳ ಯಂತ್ರಗಳನ್ನೆಲ್ಲ ಬಳಸುತ್ತಾರೆ. ಮೂರೂವರೆಗೆ ಯಂತ್ರದ ಹೆಸರೆಲ್ಲ ಬೇಡ, ಚಿತ್ರ ನೋಡುತ್ತಾ ಬರ್ಫಿವರೆಗೆ ಹೋದರೆ ಸಾಕು.

ರಾತ್ರಿ ಕಥೆ ಅಪ್ಪ:

ಮಿಸ್, ಶನಿವಾರದ ಪುಟದ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಗೊತ್ತಿಲ್ಲದ ತಿಂಡಿ ಇದೆ ಅಂತಲೇ ಮಗಳು ಆ ಪುಟದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಿದ್ದಳು. ಇದು ಖಾರನಾ, ಇದು ಸಿಹಿನಾ, ಅಜ್ಜಿಗೆ ಮಾಡೋಕೆ ಬರುತ್ತಾ ಅಂತ ಕೇಳುತ್ತಿದ್ದಳು. ಅಷ್ಟು ತಿಂದು ಹುಳಕ್ಕೆ ಹೊಟ್ಟೆನೋವು ಬರುತ್ತದಲ್ಲ, ಮರುದಿನ ಒಂದು ಹಸಿರೆಲೆ ತಿಂದು ಹುಷಾರಾಗುತ್ತದೆ, ಅದನ್ನೂ ಪುಸ್ತಕ ಎಲ್ಲೂ ಎತ್ತಿ ಆಡುವುದಿಲ್ಲ. ಮಗುವಿಗೆ ಎಲ್ಲವೂ ಪರಿಚಯದ್ದೇ ಆಗಿರಬೇಕು ಅಂತೇನಿಲ್ಲ.

ಶಿಶುವಿಹಾರದ ಮಿಸ್:

ಒಬ್ಬ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡಾಗ ನೀವು ಹೇಳಿದ್ದು ನಿಜ. ನನ್ನ ಮುಂದೆ ತರಗತಿ ತುಂಬ ಮಕ್ಕಳು ಕೂತಿರುತ್ತಾರೆ, ಒಬ್ಬೊಬ್ಬರ ಪ್ರಶ್ನೆಗೂ ನಿಲ್ಲುವುದಕ್ಕಾಗುವುದಿಲ್ಲ.

ನ್ಯೂಜೆರ್ಸಿ ಕನ್ನಡತಿ:

ನಾವಿಲ್ಲಿ ಇಂಗ್ಲಿಷ್ ಪುಸ್ತಕ ಲೈಬ್ರರಿಯಿಂದ ತಂದು ಕನ್ನಡದಲ್ಲಿ ಹೇಳುತ್ತೇವೆ, ನೀವು ಕೇಳಿದ್ದೂ ಅದೇ ಆದ್ದರಿಂದ ಬರೆಯುತ್ತಿದ್ದೇನೆ.

ಐಲೀನ್ ಬ್ರೌನ್ ಅವರ ‘ಹಂಡಾಸ್ ಸರ್‌ಪ್ರೈಸ್’ (1994) ಬಿಡಲೇಬೇಡಿ. ಕೀನ್ಯಾದ ಹಳ್ಳಿ ಹುಡುಗಿ ಹಂಡಾ ತಲೆ ಮೇಲೆ ಬುಟ್ಟಿ ಇಟ್ಟುಕೊಂಡು ಗೆಳತಿ ಅಕೆಯೋಗೆ ಏಳು ಥರದ ಹಣ್ಣು ಒಯ್ಯುತ್ತಾಳೆ. ಬಾಳೆ, ಸೀಬೆ, ಕಿತ್ತಳೆ, ಮಾವು, ಅನಾನಸ್ ಎಲ್ಲ ನಮ್ಮವೇ, ಬೆಣ್ಣೆಹಣ್ಣೂ ಇದೆ. ಗೆಳತಿಗೆ ಯಾವುದು ಜಾಸ್ತಿ ಇಷ್ಟವಾಗಬಹುದು ಅಂತ ಅವಳು ಯೋಚಿಸುತ್ತಾ ನಡೆಯುತ್ತಿದ್ದರೆ, ಹಿಂದಿನಿಂದ ಮಂಗ ಬಾಳೆಹಣ್ಣು ಎತ್ತುತ್ತದೆ, ಆನೆ ಮಾವಿನಹಣ್ಣು ಎತ್ತುತ್ತದೆ, ಜಿರಾಫೆ ಅನಾನಸ್ಸಿಗೆ ಕತ್ತು ಚಾಚುತ್ತದೆ. ಓದುವ ಸಾಲುಗಳಲ್ಲಿ ಈ ಕಳ್ಳತನದ ಮಾತೇ ಇಲ್ಲ, ಎಲ್ಲ ಚಿತ್ರದಲ್ಲೇ. ಹಂಡಾಗೆ ಗೊತ್ತಿಲ್ಲದ್ದು ಕೇಳುವ ಮಗುವಿಗೆ ಗೊತ್ತಿರುತ್ತದೆ! ನನ್ನ ಮಗ ‘ಏಯ್, ಹಿಂದೆ ನೋಡೇ’ ಅಂತ ಅಚ್ಚ ಕನ್ನಡದಲ್ಲಿ ಕಿರುಚುತ್ತಾನೆ, ಅವನಿಂದ ಅಷ್ಟು ಕನ್ನಡ ಹೊರಡಿಸುವುದಕ್ಕೆ ಬೇರೆ ಹೊತ್ತಿನಲ್ಲಿ ನಾನು ಎಷ್ಟು ಕಷ್ಟಪಡಬೇಕು ಗೊತ್ತಾ. ಕೊನೆಯಲ್ಲಿ ಬರುವ ಮೇಕೆಯನ್ನು ಮೊದಲೇ ಹೇಳಿಬಿಡಬೇಡಿ.

ಅಡುಗೆ ಎಲ್ಲಿಂದ ಬರುತ್ತದೆ ಅಂತ ಕೇಳುವ ಮಕ್ಕಳಿಗೆ ಎರಿಕ್ ಕಾರ್ಲ್ ಅವರದೇ ‘ಪ್ಯಾನ್‌ಕೇಕ್ಸ್, ಪ್ಯಾನ್‌ಕೇಕ್ಸ್!’. ಜ್ಯಾಕ್ ದೊಡ್ಡ ಪ್ಯಾನ್‌ಕೇಕ್ ಬೇಕು ಅನ್ನುತ್ತಾನೆ. ಹಾಗಾದರೆ ಗೋಧಿ ಕೊಯ್ದು ಹಿಟ್ಟು ಮಾಡಿಸು, ಮೊಟ್ಟೆ ತಾ, ಹಾಲು ಕರೆ, ಬೆಣ್ಣೆ ಕಡೆ, ಸೌದೆ ತಾ ಅಂತ ಅಮ್ಮ ಒಂದಾದ ಮೇಲೊಂದು ಕೆಲಸ ಹಚ್ಚುತ್ತಾಳೆ. ನೋರಾ ಡೂಲಿ ಅವರ ‘ಎವ್ರಿಬಡಿ ಕುಕ್ಸ್ ರೈಸ್’ ಕೂಡ ಚೆನ್ನಾಗಿದೆ. ಊಟದ ಹೊತ್ತಿಗೆ ತಮ್ಮನನ್ನು ಹುಡುಕಿಕೊಂಡು ಅಕ್ಕ ಮನೆಮನೆಗೆ ಹೋಗುತ್ತಾಳೆ, ಪ್ರತಿ ಮನೆಯಲ್ಲೂ ಒಂದೊಂದು ದೇಶದ ಅನ್ನದ ಅಡುಗೆ. ಆದರೆ ಬರಹ ಜಾಸ್ತಿ, ಐದು ವರ್ಷವಾದ ಮೇಲೆ ತನ್ನಿ.

ಇಬ್ಬರ ಅಮ್ಮ:

ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹುಳದ ಪುಸ್ತಕ ಮಗಳಿಗೆ, ನೀರಜ್ ಮತ್ತು ಹಂಡಾ ಮಗನಿಗೆ, ಮೂರನ್ನೂ ಈ ತಿಂಗಳೇ ತರಿಸುತ್ತೇನೆ. ಬಾಳೆಹಣ್ಣಿನ ಕಥೆ ಇವತ್ತು ರಾತ್ರಿಯೇ ಆಗುತ್ತದೆ. ಇನ್ನೊಂದು ಪ್ರಶ್ನೆ. ನಮ್ಮದು ದಿನಾ ಮುದ್ದೆ ಉಣ್ಣುವ ಮನೆ. ಅತ್ತೆ ಮುದ್ದೆ ತೊಳಸುವಾಗ ಇವನು ಕಣ್ಣು ಮಿಟುಕಿಸದೆ ನೋಡುತ್ತಾನೆ. ಮುದ್ದೆ ಮಾಡುವುದರ ಬಗ್ಗೆಯೇ ಚಿತ್ರಪುಸ್ತಕ ಯಾರಾದರೂ ನೋಡಿದ್ದೀರಾ?

ಮಂಡ್ಯದ ಅಜ್ಜಿ:

ಪುಸ್ತಕ ಹುಡುಕುತ್ತಾ ಕೂರುವುದು ಯಾಕಮ್ಮ, ನೀವೇ ಮಾಡಿ. ನನ್ನ ಮೊಮ್ಮಗಳಿಗೆ ನಾನು ಮಾಡಿಕೊಟ್ಟಿದ್ದೇನೆ. ಅತ್ತೆಯವರು ಮುದ್ದೆ ಮಾಡುವಾಗ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎಸರು ಕುದಿಯುವುದು ಒಂದು, ಹಿಟ್ಟು ಸುರಿದಾಗ ನಡುವೆ ಗುಡ್ಡದ ಹಾಗೆ ನಿಲ್ಲುತ್ತದಲ್ಲ ಅದೊಂದು, ಅದರ ಸುತ್ತ ನೀರು ಉಕ್ಕುವುದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಲ್ಲಿ ತಿರುವುವುದು, ಒದ್ದೆ ಕೈಯಲ್ಲಿ ಉಂಡೆ ಕಟ್ಟುವುದು, ತಟ್ಟೆಯಲ್ಲಿ ಸೊಪ್ಪಿನ ಸಾರಿನ ಜೊತೆ. ಮುಖ ಬೇಡ, ಕೈ ಮತ್ತು ಪಾತ್ರೆ ಹತ್ತಿರದಿಂದ ಕಾಣಬೇಕು. ಪುಟಕ್ಕೊಂದು ಫೋಟೋ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿ, ಜೆರಾಕ್ಸ್ ಅಂಗಡಿಯಲ್ಲೇ ಮಾಡಿಕೊಡುತ್ತಾರೆ. ಲ್ಯಾಮಿನೇಷನ್ ಹಾಕಿಸಿದರೆ ಚಿಕ್ಕವಳು ಎಳೆದಾಡಿದರೂ ಹರಿಯುವುದಿಲ್ಲ, ಮೂಲೆ ಮಾತ್ರ ಚೂಪಾಗಿರುತ್ತದೆ, ಕತ್ತರಿಯಲ್ಲಿ ದುಂಡಗೆ ಕತ್ತರಿಸಿ ಕೊಡಿ.

ಪುಟದ ಕೆಳಗೆ ಏನು ಬರೆಯಬೇಕು ಅಂತ ಮಗನನ್ನೇ ಕೇಳಿ, ಅವನು ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ನಮ್ಮವಳು ಹಿಟ್ಟು ಕುದಿಯುವ ಫೋಟೋಗೆ ‘ಬೆಟ್ಟ ಬುಸ್ ಬುಸ್ ಅಂತಿದೆ’ ಅಂದಿದ್ದಳು, ಹಾಗೇ ಬರೆದಿದ್ದೇನೆ. ಒಂದು ಮಾತು, ಊಟ ಮಾಡಿಸುವ ಹೊತ್ತಿನಲ್ಲಿ ಇದನ್ನು ತೋರಿಸಬೇಡಿ. ಪುಸ್ತಕ ತೋರಿಸಿ ತುತ್ತು ತುರುಕುವುದು ಅಭ್ಯಾಸ ಆಗಿಬಿಟ್ಟರೆ ಮಗುವಿಗೆ ಊಟದ ರುಚಿಯೂ ತಿಳಿಯುವುದಿಲ್ಲ, ಪುಸ್ತಕವೂ ಬೇಸರವಾಗುತ್ತದೆ. ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಓದಿ, ಸಂಜೆ ಅತ್ತೆ ಜೊತೆ ಹಿಟ್ಟು ಅಳೆಯಲು ಬಿಡಿ.

ಇಬ್ಬರ ಅಮ್ಮ:

ಅಜ್ಜೀ, ಅತ್ತೆಗೆ ಓದಿ ಹೇಳಿದೆ. ಭಾನುವಾರ ಬೆಳಕು ಚೆನ್ನಾಗಿರುವಾಗ ಹಿತ್ತಲ ಒಲೆಯಲ್ಲಿ ಮಾಡೋಣ ಅಂದಿದ್ದಾರೆ. ಪ್ರಿಂಟ್ ಹಾಕಿಸಲು ಎ4 ಸೈಜ್ ಸರಿಯಾ, ಅರ್ಧಕ್ಕೆ ಮಾಡಿಸಲಾ?

ಮಂಡ್ಯದ ಅಜ್ಜಿ:

ಅರ್ಧ ಸಾಕು. ಎ4 ಆದರೆ ಆ ಪುಟ್ಟ ಕೈಗೆ ಹಿಡಿಯುವುದಕ್ಕೆ ಆಗುವುದಿಲ್ಲ.