ಕುಶಾಲನಗರದ ಬೋಟ್, ಮೂಲ್ಕಿಯ ಉಪ್ಪು ನೀರು: ಎಂಜಿನ್ ತೊಳೆಯೋದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಫೈಬರ್ ಬೋಟ್, ಸಣ್ಣ ಔಟ್‌ಬೋರ್ಡ್ ಮೋಟಾರ್ (ಬೋಟಿನ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಇದೆ. ಗಾಳ ಹಾಕೋಕೆ ಮೂಲ್ಕಿ ಅಳಿವೆಗೆ ಹೋಗ್ತೇವೆ. ಸಂಪಾಜೆ ಘಾಟಿ ಹತ್ತಿ ಮನೆಗೆ ಬಂದು ತೊಳೆದರೆ ಸಾಕಾ?

ಉತ್ತರ 1: ಸಾಲದು ಸರ್. ಅಷ್ಟರಲ್ಲಿ ಒಳಗಿನ ಉಪ್ಪು ಒಣಗಿ, ಕೂಲಿಂಗ್ ದಾರಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ದಡದಲ್ಲೇ ಡ್ರಮ್ಮಿಗೆ ಸಿಹಿನೀರು ತುಂಬಿ, ನೀರೆಳೆಯುವ ತೂತು ಪೂರ್ತಿ ಮುಳುಗುವಂತೆ ಮೋಟಾರ್ ಇಳಿಸಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿ. ಹಿಂದಿನಿಂದ ನೀರಿನ ಎಳೆ ಚಿಮ್ಮುತ್ತಿರಬೇಕು, ನಿಂತರೆ ತಕ್ಷಣ ಆಫ್ ಮಾಡಿ. ನೀರಿಲ್ಲದೆ ಸುಮ್ನೆ ಸ್ಟಾರ್ಟ್ ಮಾಡಿದರೆ ಇಂಪೆಲ್ಲರ್ (ಒಳಗೆ ನೀರೆಳೆಯುವ ರಬ್ಬರ್ ಚಕ್ರ) ಸುಟ್ಟುಹೋಗುತ್ತದೆ.

ಉತ್ತರ 2: ಕಾಫಿಗೆ ಔಷಧ ಹೊಡೆಯುವ ಸ್ಪ್ರೇ ಪಂಪ್ ಮಾತ್ರ ತರಬೇಡಿ ಮಾರಾಯ್ರೆ! ಆ ಪ್ರೆಷರ್‌ಗೆ ಉಪ್ಪುನೀರು ಸೀಲ್ ಒಳಗೇ ನುಗ್ಗುತ್ತೆ. ಆನೋಡ್ (ಮೋಟಾರ್ ಬದಲು ತಾನು ಸವೆಯುವ ಲೋಹದ ತುಂಡು) ಯಾವುದು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು: ಮೊದಲು ಹೊಳೆಯಲ್ಲಿ ಓಡಿಸ್ತಿದ್ದ ಬೋಟ್. ಮೆಗ್ನೀಸಿಯಂ ಇರಬೇಕು.

ಉತ್ತರ 2: ಹಾಗಾದ್ರೆ ಬದಲಿಸಿ. ಉಪ್ಪು ನೀರಲ್ಲಿ ಅದು ಬೇಗ ಕರಗಿಹೋಗುತ್ತೆ, ಆಮೇಲೆ ಮೋಟಾರಿನ ಅಲ್ಯೂಮಿನಿಯಂ ಸರದಿ. ಸತು ಅಥವಾ ಅಲ್ಯೂಮಿನಿಯಂ ಆನೋಡ್ ಹಾಕಿ, ಅರ್ಧ ಸವೆದಾಗ ಹೊಸದು. ಅದರ ಮೇಲೆ ಪೇಂಟ್ ಬಳಿಯಬೇಡಿ, ಬಳಿದರೆ ಕೆಲಸವೇ ಮಾಡಲ್ಲ.

ಉತ್ತರ 1: ಮಳೆಗಾಲ ಪೂರ್ತಿ ಶೆಡ್ಡಲ್ಲೇ ಅಲ್ವಾ? ಕಾರ್ಬೊರೇಟರ್ ಪೆಟ್ರೋಲ್ ಖಾಲಿ ಮಾಡಿ, ಮೋಟಾರ್ ನೆಟ್ಟಗೆ ನಿಲ್ಲಿಸಿ. ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ನಮ್ಮ ಕಡೆ ಥಂಡಿಗೆ ಒಳಗೆಲ್ಲ ಬೂಷ್ಟು ಬರುತ್ತೆ.